ಹವೆ ನಂಬಲಾಗದ ಬೆಟ್ಟದಲ್ಲಿ ಒಂದು ದಿನ: ಕ್ಯಾಂಪರ್‌ವ್ಯಾನ್ ಚಾರಣಿಗರಿಗೆ ಮಾರ್ಗದರ್ಶಿ

ಬಸ್ಸಿನಲ್ಲಿ ಬಂದ ಚಾರಣಿಗ ಬೆಟ್ಟವನ್ನು ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಬಹುದು. ಒಳಗೇ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಕ್ಯಾಂಪರ್‌ವ್ಯಾನ್‌ನಲ್ಲಿ ಬಂದವರಿಗೆ ಆ ಸ್ವಾತಂತ್ರ್ಯವಿಲ್ಲ. ಬೆಳಗ್ಗೆ ಬೀಗ ಹಾಕಿ ಹೊರಟ ಜಾಗಕ್ಕೇ ಸಂಜೆ ಬಂದು ಸೇರಬೇಕು. ಹವೆ ಕೆಟ್ಟಿತೆಂದು ಗಾಬರಿಯಲ್ಲಿ ಕಂಡ ಮೊದಲ ದಾರಿ ಹಿಡಿದು ಇಳಿದರೆ ಜೀವ ಉಳಿಯುತ್ತದೆ, ಆದರೆ ಒಣಬಟ್ಟೆ, ಹಾಸಿಗೆ, ಒಲೆ ಎಲ್ಲವೂ ಬೆಟ್ಟದ ಆಚೆ ಬದಿಯಲ್ಲಿ ಉಳಿದಿರುತ್ತವೆ. ರಸ್ತೆಯಲ್ಲಿ ಸುತ್ತಿ ಹೋಗುವುದೆಂದರೆ ಹತ್ತಾರು ಕಿಲೋಮೀಟರ್.

ಹಾಗೆಂದು ವ್ಯಾನ್ ಬರೀ ಕಟ್ಟುಪಾಡಲ್ಲ. ಬೇರೆ ಯಾರಿಗೂ ಇಲ್ಲದ ಒಂದು ಅನುಕೂಲವನ್ನು ಅದು ಕೊಡುತ್ತದೆ: ಇವತ್ತು ಯಾವ ಬೆಟ್ಟ ಎಂಬುದನ್ನು ಬೆಳಗ್ಗೆ ಎದ್ದ ಮೇಲೂ ಬದಲಾಯಿಸಬಹುದು. ಕೋಣೆ ಕಾಯ್ದಿರಿಸಿದವರು ಕಾಯ್ದಿರಿಸಿದ ಊರಿಗೆ ಅಂಟಿಕೊಂಡಿರುತ್ತಾರೆ. ನೀವು ಇಂಜಿನ್ ಚಾಲೂ ಮಾಡಿದರೆ ಸಾಕು. ಬಹಳಷ್ಟು ಜನ ವ್ಯಾನನ್ನು ಚಕ್ರ ಇರುವ ಹಾಸಿಗೆ ಎಂದಷ್ಟೇ ನೋಡುತ್ತಾರೆ. ಕೆಟ್ಟ ಹವೆಯಲ್ಲಿ ಅದರ ನಿಜವಾದ ಬೆಲೆ ಇರುವುದು ಚಕ್ರದಲ್ಲಿ. ಹಗ್ಗ, ಹಿಮಗೊಡಲಿ ಬೇಕಾಗುವ ಪರ್ವತಾರೋಹಣದ ಮಾತು ಇಲ್ಲಿಲ್ಲ; ಕಾಲುದಾರಿಯಲ್ಲಿ ಹತ್ತಿ ಇಳಿಯುವ ಒಂದು ದಿನದ ನಡಿಗೆಯನ್ನು ಹೇಗೆ ಯೋಜಿಸಬೇಕು ಎಂಬುದಷ್ಟೇ ವಿಷಯ.

ಹಿಂದಿನ ಸಂಜೆ: ಎರಡು ಬೆಟ್ಟ ಗೊತ್ತುಮಾಡಿಕೊಳ್ಳಿ

ಮೊದಲ ಕೆಲಸ ಹವಾಮಾನ ಮುನ್ಸೂಚನೆ. ಕಣಿವೆಯ ಊರಿನ ಮುನ್ಸೂಚನೆ ನೋಡಿ ಬೆಟ್ಟ ಹತ್ತಬೇಡಿ. ಪ್ರತಿ 1000 ಮೀಟರ್ ಮೇಲೇರಿದಂತೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ವ್ಯಾನಿನ ಬಳಿ 15 ಡಿಗ್ರಿ ಇದ್ದರೆ ಅಲ್ಲಿಂದ 1200 ಮೀಟರ್ ಮೇಲಿನ ಶಿಖರದಲ್ಲಿ ಸುಮಾರು 7 ಡಿಗ್ರಿ ಇರುತ್ತದೆ, ಅದೂ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ. ಆದ್ದರಿಂದ ನೀವು ಹೋಗಲಿರುವ ಎತ್ತರಕ್ಕೇ ಕೊಟ್ಟಿರುವ ಮುನ್ಸೂಚನೆಯನ್ನು ಹುಡುಕಿ. ಅದರಲ್ಲಿ ನಾಲ್ಕು ಸಂಗತಿಗಳನ್ನು ಗುರುತಿಸಿಕೊಳ್ಳಿ: ಶಿಖರದ ಎತ್ತರದಲ್ಲಿ ಗಾಳಿಯ ವೇಗ ಮತ್ತು ದಿಕ್ಕು, ಮೋಡದ ತಳ ಎಷ್ಟು ಎತ್ತರದಲ್ಲಿದೆ, ಸೊನ್ನೆ ಡಿಗ್ರಿ ಯಾವ ಎತ್ತರದಲ್ಲಿದೆ, ಮತ್ತು ಇವೆಲ್ಲ ಎಷ್ಟು ಗಂಟೆಗೆ ಬದಲಾಗುತ್ತವೆ.

ಮಳೆ ಬರುತ್ತದೆಯೇ ಎಂಬುದನ್ನು ನಾನು ಕೊನೆಗೆ ನೋಡುತ್ತೇನೆ. ಮಳೆಯಲ್ಲಿ ನಡೆಯಬಹುದು, ಜೋರು ಗಾಳಿಯಲ್ಲಿ ನಿಲ್ಲುವುದೇ ಕಷ್ಟ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ಗಾಳಿಯಲ್ಲಿ ಟೋಪಿ ಹಾರುತ್ತದೆ, ಮಾತು ಕೇಳಿಸುವುದಿಲ್ಲ, ಅಷ್ಟೇ. 65 ಕಿಲೋಮೀಟರ್ ದಾಟಿದರೆ ಪ್ರತಿ ಹೆಜ್ಜೆಯೂ ಶ್ರಮ. 80 ತಲುಪಿದರೆ ಬೆನ್ನಚೀಲ ಹೊತ್ತವರನ್ನು ಅದು ದಾರಿಯಿಂದ ಪಕ್ಕಕ್ಕೆ ತಳ್ಳಿಬಿಡುತ್ತದೆ. ಮುನ್ಸೂಚನೆಯಲ್ಲಿ ಕೊಡುವುದು ಸಾಮಾನ್ಯವಾಗಿ ಸರಾಸರಿ ವೇಗವನ್ನು. ಒಮ್ಮೆಗೇ ಬೀಸಿ ಬರುವ ಗಾಳಿಯ ಹೊಡೆತದ ವೇಗ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ಗಾಳಿ ಕಿರಿದಾದ ಬಾಯಿಗೆ ಸಿಕ್ಕಿ ಇನ್ನೂ ಬಿರುಸಾಗುತ್ತದೆ.

ಈಗ ಬೆಟ್ಟದ ಆಯ್ಕೆ. ಒಂದನ್ನಲ್ಲ, ಎರಡನ್ನು ಗೊತ್ತುಮಾಡಿಕೊಳ್ಳಿ. ಮೊದಲನೆಯದು ನೀವು ಆಸೆಪಟ್ಟು ಬಂದದ್ದು. ಎರಡನೆಯದು ಅದಕ್ಕಿಂತ ಗಿಡ್ಡ, ಸಾಧ್ಯವಾದರೆ ಕಾಡಿನ ಮರೆಯಿರುವಂಥದ್ದು, ಮತ್ತು ಮುಖ್ಯವಾಗಿ ಗಾಳಿ ಬಂದು ಬಡಿಯುವ ಬದಿಗೆ ವಿರುದ್ಧವಾದ ಇಳಿಜಾರಿನಲ್ಲಿರುವಂಥದ್ದು. ತೇವ ತುಂಬಿದ ಗಾಳಿ ಪರ್ವತಸಾಲಿಗೆ ತಾಗಿ ಮೇಲೇರುವಾಗ ತಣಿದು ಮಳೆ ಸುರಿಸುತ್ತದೆ, ಆಚೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಒಂದೇ ದಿನ ಒಂದೇ ಸಾಲಿನ ಈಚೆ ಬದಿಯಲ್ಲಿ ಜಡಿಮಳೆ, ಆಚೆ ಬದಿಯಲ್ಲಿ ಚದುರಿದ ಬಿಸಿಲು ಇರುವುದು ಅಪರೂಪವಲ್ಲ. ಒಂದು ಗಂಟೆಯ ವ್ಯಾನ್ ಪ್ರಯಾಣ ಇಡೀ ದಿನವನ್ನು ಉಳಿಸಿಕೊಡಬಹುದು. ಎರಡನೆಯ ಬೆಟ್ಟವನ್ನು ಸಂಜೆಯೇ ನಕ್ಷೆಯಲ್ಲಿ ಸರಿಯಾಗಿ ಓದಿಕೊಂಡಿರಬೇಕು. ಬೆಳಗ್ಗೆ ಮಳೆಯ ಸದ್ದು ಕೇಳುತ್ತಾ ಮೊಬೈಲಿನಲ್ಲಿ ಹುಡುಕಿದರೆ, ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಯಾವುದೋ ಬೆಟ್ಟವನ್ನು ಹತ್ತುತ್ತೀರಿ.

ಮುಂದೆ ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ನಡಿಗೆ, 900 ಮೀಟರ್ ಏರಿಕೆ ಎಂದಾದರೆ ಸುಮಾರು 3 ಗಂಟೆ 54 ನಿಮಿಷ. ಇದರಲ್ಲಿ ವಿಶ್ರಾಂತಿಯಿಲ್ಲ, ಊಟವಿಲ್ಲ, ಚಿತ್ರ ತೆಗೆಯುವುದಿಲ್ಲ, ಕೆಸರಿಲ್ಲ. ನೈಸ್ಮಿತ್ ಬಹುಶಃ ನಮ್ಮೆಲ್ಲರಿಗಿಂತ ಗಟ್ಟಿಮುಟ್ಟಾಗಿದ್ದರು. ಮಳೆಗಾಳಿಯ ದಿನ ಬಂದ ಉತ್ತರಕ್ಕೆ ಅದರ ಅರ್ಧದಷ್ಟನ್ನು ಸೇರಿಸಿಕೊಳ್ಳಿ.

ಆಮೇಲೆ ನಕ್ಷೆಯ ಮೇಲೆ ಪೆನ್ಸಿಲ್ ಹಿಡಿದು, ದಾರಿಯುದ್ದಕ್ಕೂ ಎಲ್ಲೆಲ್ಲಿಂದ ಬೇಗ ಕೆಳಗಿಳಿಯಬಹುದು ಎಂದು ಗುರುತು ಹಾಕಿ. ವ್ಯಾನ್ ಇರುವ ಕಣಿವೆಗೇ ಇಳಿಯುವ ದಾರಿಗಳಿಗೆ ಒಂದು ಗುರುತು, ಬೇರೆ ಕಣಿವೆಗೆ ಇಳಿಯುವ ದಾರಿಗಳಿಗೆ ಇನ್ನೊಂದು. ಎರಡನೆಯ ಬಗೆಯವೇ ಹೆಚ್ಚಿದ್ದರೆ ಆ ಮಾರ್ಗ ಹವೆ ಚೆನ್ನಾಗಿರುವ ದಿನಕ್ಕಿರಲಿ. ಗೊಂದಲದ ಹವೆಗೆ ಒಳ್ಳೆಯ ಮಾರ್ಗವೆಂದರೆ ಹೋದ ದಾರಿಯಲ್ಲೇ ಮರಳುವುದು, ಅಥವಾ ವ್ಯಾನನ್ನು ನಡುವಿಟ್ಟುಕೊಂಡು ಒಂದೇ ಕಣಿವೆಯನ್ನು ಲಾಳಾಕಾರದಲ್ಲಿ ಸುತ್ತುವುದು. ಸುತ್ತುವುದಾದರೆ ಎದುರುಗಾಳಿಯ ಭಾಗ ಮೊದಲು ಬರುವಂತೆ ದಿಕ್ಕನ್ನು ಆರಿಸಿ. ಬೆಳಗಿನ ಹುರುಪಿನಲ್ಲಿ ಗಾಳಿಗೆ ಮುಖ ಕೊಡಬಹುದು. ಸಂಜೆ ದಣಿದು ಮರಳುವಾಗ ಅದು ಬೆನ್ನಿಗಿರಬೇಕು.

ಕೊನೆಯದಾಗಿ, ಎಲ್ಲಿಗೆ ಹೋಗುತ್ತಿದ್ದೇವೆ, ವ್ಯಾನ್ ಎಲ್ಲಿರುತ್ತದೆ, ಅದರ ನೋಂದಣಿ ಸಂಖ್ಯೆ ಏನು, ಎಷ್ಟು ಗಂಟೆಯೊಳಗೆ ನಮ್ಮಿಂದ ಸುದ್ದಿ ಬರದಿದ್ದರೆ ಸಹಾಯ ಕೇಳಬೇಕು ಎಂಬುದನ್ನು ಮನೆಯಲ್ಲಿರುವ ಒಬ್ಬರಿಗೆ ಸಂದೇಶದಲ್ಲಿ ತಿಳಿಸಿ. ಇದೇ ವಿವರವನ್ನು ಚೀಟಿಯಲ್ಲಿ ಬರೆದು ಗಾಜಿನ ಹಿಂದೆ ಇಟ್ಟು ಹೋಗುವವರಿದ್ದಾರೆ. ಸಂಜೆಯವರೆಗೆ ಈ ವ್ಯಾನಿನಲ್ಲಿ ಯಾರೂ ಇರುವುದಿಲ್ಲ ಎಂದು ಕಳ್ಳರಿಗೆ ಹೇಳಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ವ್ಯಾನ್ ನಿಲ್ಲಿಸುವ ಜಾಗ

ರಾತ್ರಿ ತಂಗಲು ಅನುಮತಿಯಿರುವ ಜಾಗವೇ ಆಗಿರಬೇಕು, ಇದನ್ನು ಮೊದಲೇ ವಿಚಾರಿಸಿ. ಅದರೊಳಗೂ ಆಯ್ಕೆಯಿದೆ. ಹೊಳೆಯ ಪಕ್ಕದ ಮರಳುದಂಡೆ ನೋಡಲು ಚೆಂದ, ಆದರೆ ಮೇಲೆ ಎಲ್ಲೋ ಸುರಿದ ಮಳೆಯ ನೀರು ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ಬಂದು ತಲುಪಬಹುದು. ಒಣಕೊಂಬೆಯಿರುವ ಮರದ ಕೆಳಗೆ ಬೇಡ. ಕಡಿದಾದ ಬಂಡೆಗೋಡೆಯ ಬುಡದಲ್ಲಿ, ನೆಲದ ಮೇಲೆ ಹೊಸದಾಗಿ ಉದುರಿದ, ಪಾಚಿ ಹಿಡಿಯದ ಕಲ್ಲುಗಳು ಕಂಡರೆ ಅಲ್ಲಿಂದ ಮುಂದೆ ಹೋಗಿ. ಹಸಿ ಹುಲ್ಲಿನ ಮೇಲೆ ರಾತ್ರಿ ಮಳೆಯಾದರೆ ಬೆಳಗ್ಗೆ ಚಕ್ರ ಅಲ್ಲೇ ತಿರುಗುತ್ತಾ ಹೂತುಹೋಗುತ್ತದೆ, ಆದ್ದರಿಂದ ಚಾಲನೆ ಸಿಗುವ ಚಕ್ರಗಳಾದರೂ ಗಟ್ಟಿನೆಲದ ಮೇಲಿರಲಿ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ವಾಹನಗಳು ಒಂದಕ್ಕೊಂದು ದಾರಿಬಿಡಲು ಮಾಡಿರುವ ಅಗಲ ಜಾಗ ನಿಲುಗಡೆಯಲ್ಲ. ಅಲ್ಲಿ ನಿಂತರೆ ಆಂಬುಲೆನ್ಸನ್ನೂ ತಡೆದಂತಾಗುತ್ತದೆ.

ಮೂತಿ ಗಾಳಿಗೆ ಮತ್ತು ಹೊರದಾರಿಗೆ ಇರಲಿ. ಎರಡೂ ಒಂದೇ ದಿಕ್ಕಿನಲ್ಲಿ ಸಿಗದಿದ್ದರೆ ಹೊರದಾರಿಯನ್ನೇ ಆರಿಸಿಕೊಳ್ಳಿ. ಕತ್ತಲಲ್ಲಿ, ಮಳೆಯಲ್ಲಿ, ದಣಿದ ಕೈಗಳಿಂದ ವ್ಯಾನನ್ನು ಹಿಮ್ಮುಖವಾಗಿ ತಿರುಗಿಸುವ ಪ್ರಸಂಗವೇ ಬರಬಾರದು. ಮೇಲಕ್ಕೆತ್ತುವ ಬಟ್ಟೆಯ ಚಾವಣಿ ಇರುವ ವ್ಯಾನಾದರೆ ಜೋರು ಗಾಳಿಯ ರಾತ್ರಿ ಅದನ್ನು ಇಳಿಸಿಕೊಂಡು ಕೆಳಗಿನ ಹಾಸಿಗೆಯಲ್ಲಿ ಇಕ್ಕಟ್ಟಾಗಿ ಮಲಗುವುದೇ ಲೇಸು. ಗಾಳಿ ಬೀಸುವಾಗ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದೇ ತೆರೆಯಿರಿ. ಕೈತಪ್ಪಿ ಹೋದ ಬಾಗಿಲು ತನ್ನ ಕೀಲನ್ನೇ ಬಗ್ಗಿಸಿಕೊಂಡು, ಮತ್ತೆ ಮುಚ್ಚದೆ ಕೂರುತ್ತದೆ.

ಬೆಳಗ್ಗೆ: ಆಕಾಶಕ್ಕೂ ಒಂದು ಮಾತು ಕೇಳಿ

ಮುನ್ಸೂಚನೆ ನಿನ್ನೆಯದು, ಆಕಾಶ ಇವತ್ತಿನದು. ಹೊರಡುವ ಮುನ್ನ ಎರಡನ್ನೂ ತಾಳೆ ನೋಡಿ.

ವಾಯುಭಾರದಿಂದ ಎತ್ತರ ಅಳೆಯುವ ಕೈಗಡಿಯಾರ ನಿಮ್ಮ ಬಳಿ ಇದ್ದರೆ ರಾತ್ರಿ ಮಲಗುವಾಗ ಅದು ತೋರಿಸುವ ಎತ್ತರವನ್ನು ಬರೆದಿಡಿ. ಬೆಳಗ್ಗೆ, ವ್ಯಾನ್ ಒಂದಿಂಚೂ ಕದಲದಿದ್ದರೂ, ಅದು 40 ಮೀಟರ್ ಹೆಚ್ಚು ತೋರಿಸಿತು ಎನ್ನೋಣ. ಬೆಟ್ಟ ಬೆಳೆದಿಲ್ಲ, ವಾಯುಭಾರ ಇಳಿದಿದೆ. ತಗ್ಗಿನ ಎತ್ತರಗಳಲ್ಲಿ ಒಂದು ಹೆಕ್ಟೋಪ್ಯಾಸ್ಕಲ್ (ವಾಯುಭಾರದ ಅಳತೆ) ಇಳಿಕೆ ಎಂದರೆ ಗಡಿಯಾರದಲ್ಲಿ ಸುಮಾರು 8 ಮೀಟರ್ ಏರಿಕೆ, ಅಂದರೆ ಇಲ್ಲಿ ಸುಮಾರು 5 ಹೆಕ್ಟೋಪ್ಯಾಸ್ಕಲ್ ಕುಸಿದಿದೆ. ಕೆಟ್ಟ ಹವೆ ಹತ್ತಿರವಾಗುತ್ತಿದೆ ಎಂದು ಅರ್ಥ. ಹೊರಡುವ ಮೊದಲು ನಕ್ಷೆಯಲ್ಲಿರುವ ಸರಿಯಾದ ಎತ್ತರಕ್ಕೆ ಗಡಿಯಾರವನ್ನು ಹೊಂದಿಸಿಕೊಳ್ಳಿ, ಮಂಜಿನಲ್ಲಿ ಅದು ಬೇಕಾಗುತ್ತದೆ.

ಸೂರ್ಯ ಅಥವಾ ಚಂದ್ರನ ಸುತ್ತ ದೊಡ್ಡ ಬಳೆ ಕಂಡರೆ ಎತ್ತರದಲ್ಲಿ ಹಿಮಹರಳುಗಳ ತೆಳುಮೋಡ ಹರಡಿದೆ. ಅದು ದಪ್ಪವಾಗುತ್ತಾ ಕೆಳಗಿಳಿಯುತ್ತಾ ಬಂದರೆ ದಿನದೊಳಗೆ ಮಳೆ ಹಿಡಿಯುವ ಸಾಧ್ಯತೆ ಹೆಚ್ಚು. ಶಿಖರದ ಮೇಲೆ ಮಸೂರದ ಆಕಾರದ, ಅಲುಗಾಡದಂತೆ ಕಾಣುವ ನುಣುಪು ಮೋಡ ನಿಂತಿದ್ದರೆ ಮೇಲೆ ಗಾಳಿ ಭರದಿಂದ ಬೀಸುತ್ತಿದೆ ಎಂದು ತಿಳಿಯಿರಿ, ನೀವು ನಿಂತಲ್ಲಿ ಎಲೆ ಅಲುಗದಿದ್ದರೂ ಸರಿ. ಬೆಳಗ್ಗೆ ಹತ್ತು ಗಂಟೆಗೆ ಮುಂಚೆಯೇ ಹತ್ತಿಯಂಥ ಮೋಡಗಳು ಅಗಲಕ್ಕಿಂತ ಎತ್ತರಕ್ಕೆ ಬೆಳೆಯತೊಡಗಿದರೆ ಮಧ್ಯಾಹ್ನ ಗುಡುಗು ನಿರೀಕ್ಷಿಸಿ. ಕಣಿವೆಯಲ್ಲಿ ಮಂಜು ತುಂಬಿ ಏನೂ ಕಾಣದಿದ್ದರೆ ಮಾತ್ರ ಅವಸರದಲ್ಲಿ ಯೋಜನೆ ಕೈಬಿಡಬೇಡಿ. ತಣ್ಣನೆಯ ಗಾಳಿ ರಾತ್ರಿ ತಗ್ಗಿಗೆ ಇಳಿದು ಕೂತಾಗ ಹೀಗಾಗುತ್ತದೆ. ನೂರಾರು ಮೀಟರ್ ಮೇಲೆ ಬಿಸಿಲು ಇರಬಹುದು.

ಚೀಲದಲ್ಲಿ ಏನಿರಬೇಕು ಎಂಬ ಪಟ್ಟಿ ಎಲ್ಲರಿಗೂ ಗೊತ್ತು. ಮಳೆ ಜಾಕೆಟ್ ಮತ್ತು ಮಳೆ ಪ್ಯಾಂಟ್, ಹೆಚ್ಚುವರಿ ಬೆಚ್ಚನೆಯ ಪದರ, ಟೋಪಿ, ಎರಡು ಜೊತೆ ಕೈಗವಸು, ಕಾಗದದ ನಕ್ಷೆ, ದಿಕ್ಸೂಚಿ, ಹಣೆಗೆ ಕಟ್ಟುವ ಟಾರ್ಚ್, ಸೀಟಿ, ಪ್ರಥಮ ಚಿಕಿತ್ಸೆಯ ಪೊಟ್ಟಣ, ನೀರು, ಅಗತ್ಯಕ್ಕಿಂತ ಹೆಚ್ಚು ತಿಂಡಿ, ಮತ್ತು ಇಡೀ ಮೈ ತೂರಿಸಿಕೊಳ್ಳಬಹುದಾದ ಪ್ಲಾಸ್ಟಿಕ್ ಅಥವಾ ತೆಳು ಲೋಹದ ಹಾಳೆಯ ತುರ್ತು ಚೀಲ. ಎಲ್ಲವನ್ನೂ ಒಂದು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಅದನ್ನು ಬೆನ್ನಚೀಲದೊಳಗೆ ಇಳಿಸಿ. ಹೊರಗೆ ಹೊದಿಸುವ ಮಳೆಕವಚ ಗಾಳಿಗೆ ಕಿತ್ತು ಹಾರಿಹೋಗುತ್ತದೆ.

ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ವಸ್ತುವೆಂದರೆ ವ್ಯಾನಿನ ಕೀಲಿ. ಇಡೀ ದಿನ ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಬಳಿ ಇಲ್ಲ, ಆದರೂ ಜನ ಅದನ್ನು ಪ್ಯಾಂಟಿನ ಕಿಸೆಯಲ್ಲಿ ಕರವಸ್ತ್ರದ ಜೊತೆ ತುರುಕಿಕೊಂಡು ಹೋಗುತ್ತಾರೆ. ಇಂದಿನ ಕೀಲಿಯೊಳಗೆ ವಿದ್ಯುನ್ಮಾನ ಬಿಲ್ಲೆಯಿದೆ, ನೀರು ಹೊಕ್ಕರೆ ಕೈಕೊಡಬಹುದು. ಅದನ್ನು ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬೆನ್ನಚೀಲದ ಒಳಗಿಸೆಯ ಕೊಂಡಿಗೆ ಸಿಕ್ಕಿಸಿ, ಮರಳಿ ಬರುವವರೆಗೆ ಆ ಕಿಸೆಯನ್ನು ತೆರೆಯಬೇಡಿ. ಇಬ್ಬರಿದ್ದರೆ ಎರಡನೆಯ ಕೀಲಿ ಎರಡನೆಯವರ ಬಳಿ ಇರಲಿ.

ಬಾಗಿಲು ಹಾಕುವ ಮುಂಚೆ ಇನ್ನೈದು ನಿಮಿಷ ವ್ಯಾನಿನೊಳಗೆ ಕಳೆಯಿರಿ. ಫ್ಲಾಸ್ಕಿಗೆ ಬಿಸಿನೀರು ತುಂಬಿಸಿ ಕೈಗೆಟಕುವಲ್ಲಿ ಇಡಿ. ಬಾಗಿಲ ಬುಡದಲ್ಲಿ ಟವೆಲ್, ಅದರ ಮೇಲೆ ಒಣ ಅಂಗಿ, ಉಣ್ಣೆಯ ಕಾಲುಚೀಲ, ಸಡಿಲ ಪ್ಯಾಂಟ್, ಸಂಜೆ ಬೇಕಾಗುವ ಕ್ರಮದಲ್ಲೇ. ಪಕ್ಕದಲ್ಲಿ ಒದ್ದೆ ಬಟ್ಟೆಗೆಂದು ಖಾಲಿ ಡಬ್ಬಿ. ಇದು ಅತಿಯಾಯಿತು ಎನಿಸಬಹುದು. ಮರಗಟ್ಟಿದ ಬೆರಳುಗಳಲ್ಲಿ ಬೀರುವಿನ ಸಣ್ಣ ಗುಂಡಿಯನ್ನು ಒತ್ತಲು ಹೆಣಗಿದವರಿಗೆ ಹಾಗೆನಿಸುವುದಿಲ್ಲ. ಗ್ಯಾಸ್ ಸಿಲಿಂಡರಿನ ಕವಾಟ ಬಂದ್ ಮಾಡಿ, ಚಾವಣಿಯ ಕಿಂಡಿ ಮುಚ್ಚಿ, ಹೊರಡಿ.

ಏರುವಾಗ

ಹೊರಟಾಗ ಸ್ವಲ್ಪ ಚಳಿ ಅನಿಸಬೇಕು. ವ್ಯಾನಿನ ಬಳಿಯೇ ಬೆಚ್ಚಗಿದ್ದರೆ ಹತ್ತೇ ನಿಮಿಷದಲ್ಲಿ ಬೆವರಿ ಒಳಬಟ್ಟೆ ಒದ್ದೆಯಾಗುತ್ತದೆ, ಆಮೇಲೆ ನಿಂತಾಗ ಅದೇ ಬೆವರು ಮೈ ನಡುಗಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಮಳೆಯಾದರೂ ಬೆವರಾದರೂ ಅಷ್ಟೇ. ಹತ್ತಿಬಟ್ಟೆ ನೀರು ಹೀರಿಕೊಂಡು ಮೈಗಂಟುತ್ತದೆ, ಬೇಗ ಒಣಗುವುದಿಲ್ಲ. ಮೈಗೆ ತಾಗುವ ಪದರ ಉಣ್ಣೆಯದೋ ಕೃತಕ ನೂಲಿನದೋ ಆಗಿರಲಿ.

ಮಳೆ ಜಾಕೆಟನ್ನು ಮಳೆ ಬಂದ ಮೇಲೆ ಹಾಕುವುದಲ್ಲ. ಎದುರಿನ ಇಳಿಜಾರಿನಲ್ಲಿ ಬೂದು ಪರದೆ ಇತ್ತ ಜಾರುತ್ತಿದೆ, ಹುಲ್ಲು ಒಮ್ಮೆಗೇ ಒಂದೇ ದಿಕ್ಕಿಗೆ ಮಲಗಿತು, ಗಾಳಿ ತಟ್ಟನೆ ತಣ್ಣಗಾಯಿತು ಎಂದರೆ ನಿಂತು ಹಾಕಿಕೊಳ್ಳಿ. ಇನ್ನು ಮೇಲೆ, ಮರೆಯಿಲ್ಲದ ದಿಣ್ಣೆ ತಲುಪುವ ಮುನ್ನವೇ, ಕೊನೆಯ ಬಂಡೆಯ ಹಿಂದೆ ನಿಂತು ಟೋಪಿ, ಕೈಗವಸು, ಜಾಕೆಟ್ ಎಲ್ಲವನ್ನೂ ಸರಿಮಾಡಿಕೊಳ್ಳಬೇಕು. ದಿಣ್ಣೆಯ ಮೇಲೆ ಅದೇ ಕೆಲಸ ಹೇಗಿರುತ್ತದೆ ನೋಡಿ: ಚೀಲ ತೆರೆದ ಕ್ಷಣ ಒಂದು ಕೈಗವಸು ಹಾರುತ್ತದೆ, ಜಾಕೆಟಿನ ಒಂದು ತೋಳು ಹಾಯಿಯಂತೆ ಉಬ್ಬಿ ಮುಖಕ್ಕೆ ಬಡಿಯುತ್ತದೆ, ಜಿಪ್ಪಿನ ಬುಡವನ್ನು ಜೋಡಿಸಲು ಬೆರಳುಗಳಿಗೆ ಆಗುವುದಿಲ್ಲ, ಅಷ್ಟರಲ್ಲಿ ಎದೆ ನೆನೆದಿರುತ್ತದೆ.

ಹಸಿವಾಗುವ ಮೊದಲು ಸ್ವಲ್ಪ ಸ್ವಲ್ಪ ತಿನ್ನುತ್ತಿರಿ. ನಡೆಯುತ್ತಲೇ ತಿನ್ನಬಹುದಾದದ್ದು ಕಿಸೆಯಲ್ಲಿರಲಿ, ಮಳೆಯಲ್ಲಿ ಚೀಲ ಇಳಿಸಿ ತಿನ್ನಲು ಯಾರಿಗೂ ಮನಸ್ಸಾಗುವುದಿಲ್ಲ.

ಮಂಜು ಕವಿದಾಗ

ಮಂಜು ಬರುವುದನ್ನು ನೋಡುತ್ತಿರುವಾಗಲೇ ಮಾಡಬೇಕಾದ ಕೆಲಸವೊಂದಿದೆ. ನಿಂತಲ್ಲೇ ನಿಂತು, ನಕ್ಷೆಯಲ್ಲಿ ನೀವಿರುವ ಜಾಗಕ್ಕೆ ಬೆರಳಿಡಿ. ಮುಂದಿನ ಗುರುತು ಯಾವ ದಿಕ್ಕಿಗೆ, ಎಷ್ಟು ದೂರ ಎಂದು ನೋಡಿ. ಇನ್ನೂ ಕಾಣುವಾಗ ಇದಕ್ಕೆ ಒಂದು ನಿಮಿಷ ಸಾಕು, ಕವಿದ ಮೇಲೆ ಎಲ್ಲವೂ ಊಹೆ.

ಮೊಬೈಲಿನ ನಕ್ಷೆ ಒಳ್ಳೆಯದೇ, ಆದರೆ ಮಳೆಯಲ್ಲಿ ಅದರ ಅವಸ್ಥೆ ಬೇರೆ. ಪರದೆಯ ಮೇಲೆ ಬಿದ್ದ ಹನಿಯನ್ನು ಅದು ಬೆರಳೆಂದು ತಿಳಿಯುತ್ತದೆ. ನಕ್ಷೆ ತಾನಾಗಿ ಜಾರಿ ಎಲ್ಲೋ ಹೋಗುತ್ತದೆ. ಒರೆಸಲು ಹೋದರೆ ಇನ್ನೂ ದೂರ ಹೋಗುತ್ತದೆ. ಚಳಿಯಲ್ಲಿ ಬ್ಯಾಟರಿ ಬೇಗ ಕುಸಿಯುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿ ಹಾಕಿ ಮೈಗೆ ಹತ್ತಿರದ ಒಳಕಿಸೆಯಲ್ಲಿಟ್ಟು, ಕೈಯಲ್ಲಿ ಕಾಗದದ ನಕ್ಷೆ ಹಿಡಿಯಿರಿ. ದಿಕ್ಸೂಚಿ ನೋಡುವಾಗ ಮೊಬೈಲ್, ಆಯಸ್ಕಾಂತದ ಗುಂಡಿಯಿರುವ ಪರ್ಸು, ಉಕ್ಕಿನ ವಸ್ತುಗಳು ಅದರ ಹತ್ತಿರ ಬೇಡ.

ದೂರವನ್ನು ಸಣ್ಣ ತುಂಡುಗಳಾಗಿ ಒಡೆಯಿರಿ. ಎರಡು ಕಿಲೋಮೀಟರಿನ ಒಂದೇ ದಿಕ್ಕಿನ ಬದಲು, 300 ಮೀಟರಿಗೊಂದು ಗುರುತು. ಪ್ರತಿ ಗುರುತಿನಲ್ಲೂ ಗಡಿಯಾರದ ಎತ್ತರವನ್ನು ನಕ್ಷೆಯ ಎತ್ತರದೊಂದಿಗೆ ತಾಳೆ ನೋಡಿ. ಜೊತೆಗಾರರ ನಡುವೆ ಅಂತರ ಹೆಚ್ಚದಿರಲಿ. ಮಂಜಿನಲ್ಲಿ ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದವರು ಇಲ್ಲವೆಂದೇ ಲೆಕ್ಕ. ದಾರಿ ತಪ್ಪಿದ ಅನುಮಾನ ಬಂದರೆ ಖಚಿತವಾಗಿದ್ದ ಕೊನೆಯ ಗುರುತಿಗೆ ಹಿಂದಿರುಗಿ. ತೊರೆಯ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತನ್ನು ಬೆಟ್ಟದಲ್ಲಿ ನಂಬಬೇಡಿ, ತೊರೆಗಳು ಜಲಪಾತದ ಅಂಚಿಗೂ ಕರೆದೊಯ್ಯುತ್ತವೆ.

ಗುಡುಗು ಕೇಳಿಸಿದರೆ

ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಸಾಗುತ್ತದೆ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. 30 ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ಮುಂದಿನದು ನಿಮ್ಮ ತಲೆಯ ಮೇಲೇ ಇರಬಹುದು. ಶಿಖರ, ಬೋಳುದಿಣ್ಣೆ, ಒಂಟಿ ಮರ, ತಂತಿಬೇಲಿಗಳಿಂದ ತಕ್ಷಣ ದೂರ ಸರಿದು ಕೆಳಗಿಳಿಯಿರಿ. ಆಳವಿಲ್ಲದ ಗುಹೆ ಅಥವಾ ಚಾಚುಬಂಡೆಯ ಕೆಳಗೆ ಕೂರುವುದು ತಪ್ಪು. ಬಂಡೆಯ ಮೇಲೆ ಹರಿಯುವ ವಿದ್ಯುತ್ತು ಆ ಸಂದಿಯನ್ನು ಜಿಗಿದು ನಿಮ್ಮ ಮೈಮೂಲಕ ಹಾದುಹೋಗಬಹುದು. ಕೂದಲು ನಿಮಿರಿದರೆ, ನಡಿಗೆಕೋಲು ಜುಯ್ಯೆಂದರೆ ಕ್ಷಣವೂ ತಡಮಾಡಬೇಡಿ. ಇಳಿಯಲು ದಾರಿಯೇ ಇಲ್ಲದಿದ್ದರೆ ಒಬ್ಬರಿಂದೊಬ್ಬರು ದೂರ ದೂರ, ಚೀಲದ ಮೇಲೆ ಕಾಲು ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯದೆ ಮತ್ತೆ ಮೇಲಕ್ಕೆ ಹೆಜ್ಜೆಯಿಡಬಾರದು.

ವ್ಯಾನ್ ತಲುಪಿದವರು ಕಿಟಕಿ ಮುಚ್ಚಿ, ಲೋಹದ ಭಾಗ ಮುಟ್ಟದೆ ಒಳಗಿರಬಹುದು. ರಕ್ಷಣೆ ಸಿಗುವುದು ಲೋಹದ ಹೊರಮೈಯಿಂದ, ರಬ್ಬರಿನ ಚಕ್ರದಿಂದಲ್ಲ. ಫೈಬರ್‌ಗ್ಲಾಸ್ ಹೊರಮೈಯ ವ್ಯಾನ್‌ನಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ, ಎತ್ತಿದ ಬಟ್ಟೆಯ ಚಾವಣಿಯ ಕೆಳಗಂತೂ ಇಲ್ಲವೇ ಇಲ್ಲ. ಅಂಥ ವಾಹನದವರು ಮುಂದಿನ ಚಾಲಕರ ಕೋಣೆ ಲೋಹದ್ದಾಗಿದ್ದರೆ ಅಲ್ಲಿ ಕೂರಲಿ.

ಹಿಂದಿರುಗುವ ಗಂಟೆ

ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಎಂಬ ಸಮಯವನ್ನು ವ್ಯಾನಿನಲ್ಲಿ ಬೆಚ್ಚಗೆ ಕುಳಿತಾಗಲೇ ನಿಶ್ಚಯಿಸಿ, ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿ. ಮೇಲೆ ನಿಂತಾಗ ಶಿಖರ ಅರ್ಧಗಂಟೆಯಷ್ಟು ಹತ್ತಿರದಲ್ಲಿರುತ್ತದೆ, ಯಾವಾಗಲೂ. ಚಳಿ ಏರಿದಂತೆ ತೀರ್ಮಾನ ಮಾಡುವ ಶಕ್ತಿಯೂ ಇಳಿಯುತ್ತದೆ, ಇಳಿಯುತ್ತಿದೆ ಎಂಬುದು ಗೊತ್ತೂ ಆಗುವುದಿಲ್ಲ. ಸೂರ್ಯಾಸ್ತದ ಸಮಯವನ್ನು ಪಂಚಾಂಗದಲ್ಲಿ ನೋಡಿದರೂ ಕಣಿವೆಯಲ್ಲಿ ಅದಕ್ಕಿಂತ ಬಹಳ ಮೊದಲೇ ಬೆಳಕು ಕುಂದುತ್ತದೆ ಎಂಬುದು ನೆನಪಿರಲಿ.

ಗಡಿಯಾರವಲ್ಲದೆ ಇನ್ನೊಂದು ಅಳತೆ ಜೊತೆಗಾರರ ಮುಖ. ಮೈಯ ಒಳತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಇದಕ್ಕೆ ಹಿಮ ಬೇಕಿಲ್ಲ. 10 ಡಿಗ್ರಿಯ ಗಾಳಿಮಳೆಯೇ ಸಾಕು. ಇದುವರೆಗೆ ಹರಟುತ್ತಿದ್ದವರು ಮೌನವಾದರು, ಮಾತು ತೊದಲಿತು, ಸಮನೆಲದಲ್ಲಿ ಎಡವಿದರು, ಜಾಕೆಟಿನ ಜಿಪ್ ತೆರೆದೇ ಬಿಟ್ಟಿದ್ದಾರೆ, ಕೇಳಿದರೆ "ಏನಾಗಿಲ್ಲ, ನಡೆಯಿರಿ" ಎನ್ನುತ್ತಾರೆ. ಆ ಮಾತನ್ನು ನಂಬಬೇಡಿ. ಗಾಳಿಮರೆಗೆ ಕರೆದೊಯ್ದು, ಒದ್ದೆ ಒಳಬಟ್ಟೆ ತೆಗೆಸಿ ಒಣಪದರ ತೊಡಿಸಿ, ಚೀಲದ ಮೇಲೆ ಕೂರಿಸಿ, ತುರ್ತು ಚೀಲದೊಳಗೆ ತೂರಿಸಿ. ಪ್ರಜ್ಞೆ ಸರಿಯಿದ್ದರೆ ಸಿಹಿಯಾದ, ಬೆಚ್ಚನೆಯ ಪಾನೀಯ ಕೊಡಿ. ಕೈಕಾಲು ತಿಕ್ಕುವುದು, ಮದ್ಯ ಕೊಡುವುದು ಎರಡೂ ಅಪಾಯ. ಜೋರಾಗಿ ನಡುಗುತ್ತಿದ್ದವರು, ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಸ್ಥಿತಿ ಗಂಭೀರ. ಅವರನ್ನು ನಡೆಸದೆ ಸಹಾಯ ಕರೆಯಿರಿ. 112 ಅನೇಕ ದೇಶಗಳಲ್ಲಿ ತುರ್ತು ಕರೆಯ ಸಂಖ್ಯೆ, ಆದರೂ ನೀವು ಹೋಗುವ ನಾಡಿನ ಸಂಖ್ಯೆಯನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಸೀಟಿಯಲ್ಲಾದರೆ ಆಲ್ಪ್ಸ್ ಪರ್ವತಗಳಿಂದ ಬಂದ ರೂಢಿ ಹೀಗಿದೆ: ಒಂದು ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಬಾರಿ. ಟಾರ್ಚಿನ ಬೆಳಕಿಗೂ ಇದೇ ಲೆಕ್ಕ. ನಿಮಿಷಕ್ಕೆ ಮೂರು ಬಾರಿಯ ಉತ್ತರ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ.

ಇಳಿಯುವಾಗ

ಒದ್ದೆ ಹುಲ್ಲು, ಪಾಚಿ ಹಿಡಿದ ಬಂಡೆ, ಬೇರು, ಸಡಿಲ ಜಲ್ಲಿ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸಡಿಲವಿರಲಿ. ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟಿದ ಹಳ್ಳ ಈಗ ಕೆಂಪಾಗಿ, ಒಳಗೆ ಕಲ್ಲುಗಳುರುಳುವ ಸದ್ದು ಮಾಡುತ್ತಾ ಹರಿಯುತ್ತಿದ್ದರೆ ಅದನ್ನು ದಾಟಲು ಹೋಗಬೇಡಿ. ಮಂಡಿಯೆತ್ತರದ ರಭಸದ ನೀರು ದೊಡ್ಡವರನ್ನೂ ಉರುಳಿಸುತ್ತದೆ. ಮೇಲ್ಭಾಗದಲ್ಲಿ ಹಳ್ಳ ಕವಲೊಡೆದು ತೆಳುವಾಗುವ ಜಾಗವನ್ನೋ ಸೇತುವೆಯನ್ನೋ ಹುಡುಕಿ, ಇಲ್ಲವೇ ಕಾಯಿರಿ. ಸಣ್ಣ ಬೆಟ್ಟಹಳ್ಳಗಳು ಏರಿದಷ್ಟೇ ಬೇಗ ಇಳಿಯುತ್ತವೆ. ವ್ಯಾನ್ ಆಚೆ ದಡದಲ್ಲಿ ಕಾಣುತ್ತಿರುವಾಗ ಕಾಯುವುದು ಬಹಳ ಕಷ್ಟ. ಅದಕ್ಕೇ, ನಡುವೆ ಸೇತುವೆಯಿಲ್ಲದ ಹಳ್ಳವಿರುವ ಮಾರ್ಗವನ್ನು ಮಳೆಯ ದಿನ ಆರಿಸದಿರುವುದು ಉತ್ತಮ.

ಮರಳಿ ವ್ಯಾನಿಗೆ

ಒದ್ದೆ ಬಟ್ಟೆಯನ್ನು ಹೊರಗೇ ಹಿಂಡಿ, ಡಬ್ಬಿಗೆ ಹಾಕಿ. ಮೊದಲು ಒಣಬಟ್ಟೆ, ಆಮೇಲೆ ಬಿಸಿ ಪಾನೀಯ, ಆಮೇಲೆ ಉಳಿದದ್ದು.

ಇಲ್ಲಿಂದ ಮುಂದಿನ ಅಪಾಯ ಒಳಗಿನದು. ಚಳಿಗೆ ನಡುಗುತ್ತಾ ಬಂದವರು ಕಿಟಕಿ, ಕಿಂಡಿಗಳನ್ನೆಲ್ಲ ಮುಚ್ಚಿ ಅಡುಗೆಯ ಒಲೆಯನ್ನೇ ಹೊತ್ತಿಸಿಟ್ಟು ಮೈಕಾಯಿಸಿಕೊಳ್ಳುತ್ತಾರೆ. ಗಾಳಿ ಸಾಲದೆ ಉರಿಯುವ ಜ್ವಾಲೆ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ಬೆಟ್ಟದ ಆಯಾಸವೆಂದು ಮಲಗಿಬಿಡುವುದು ಸುಲಭ. ಇಬ್ಬರಿಗೂ ಒಟ್ಟಿಗೆ ತಲೆನೋವು ಬಂದಿತೆಂದರೆ ಬಾಗಿಲು ತೆರೆದು ಹೊರಬನ್ನಿ. ಒಲೆ ಅಡುಗೆಗೆ ಮಾತ್ರ, ಅದೂ ಕಿಟಕಿ ತೆರೆದು. ಬಿಸಿಗಾಳಿಗೆ, ಹೊಗೆಯನ್ನು ಹೊರಗೆ ಬಿಡುವ ಕೊಳವೆಯಿರುವ, ವ್ಯಾನಿಗೇ ಜೋಡಿಸಿದ ಹೀಟರ್ ಮಾತ್ರ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಇಲ್ಲದ ವ್ಯಾನಿನಲ್ಲಿ ಮಲಗಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನೆಲದಲ್ಲಿರುವ ಸಣ್ಣ ರಂಧ್ರಗಳಿಂದ ಚಳಿಗಾಳಿ ಬರುತ್ತದೆಂದು ಬಟ್ಟೆ ತುರುಕುವವರಿದ್ದಾರೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊರಹೋಗಲು ಇರುವುದು ಅವೇ ರಂಧ್ರಗಳು.

ಸಿಲಿಂಡರಿನಲ್ಲಿ ಅನಿಲವಿದ್ದರೂ ಒಲೆ ಹೊತ್ತದಿದ್ದರೆ ಚಳಿಯ ಕಡೆ ನೋಡಿ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲಿ ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಅನಿಲವಾಗುತ್ತದೆ. ಎತ್ತರದ ಚಳಿಜಾಗಗಳಿಗೆ ಹೋಗುವವರಿಗೆ ಪ್ರೊಪೇನೇ ಸರಿ. ನೀರು ಕುದಿಯುವ ಬಿಂದು ಕೂಡ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುವುದರಿಂದ ಬೇಯಲು ಹೊತ್ತು ಹಿಡಿಯುತ್ತದೆ, ಅನಿಲ ಹೆಚ್ಚು ಖರ್ಚಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರುವವರು ಅದನ್ನು ಸೊನ್ನೆಗಿಂತ ಕೆಳಗಿನ ತಾಪದಲ್ಲಿ ಚಾರ್ಜ್ ಮಾಡಬಾರದು, ಹಾಳಾಗುತ್ತದೆ.

ಮಲಗುವಾಗ ಎದುರುಬದುರಿನ ಎರಡು ಕಿಟಕಿಗಳನ್ನು ಬೆರಳಗಲ ತೆರೆದಿಡಿ. ಉಸಿರಿನ ತೇವ, ಬಟ್ಟೆಯ ತೇವ ಎರಡೂ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತವೆ. ಬೆಳಗಿನ ಹೊತ್ತಿಗೆ ಹಾಸಿಗೆಯ ಅಂಚು ತೊಯ್ದಿರುತ್ತದೆ. ರಾತ್ರಿ ಹೆಪ್ಪುಗಟ್ಟುವ ಚಳಿಯಿದ್ದರೆ ನೀರಿನ ತೊಟ್ಟಿ, ಕೊಳವೆಗಳನ್ನು ಖಾಲಿ ಮಾಡಿ. ಸಮನೆಲದಲ್ಲಾದರೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ, ಒದ್ದೆಯಾದ ಕೈಬ್ರೇಕು ಹೆಪ್ಪುಗಟ್ಟಿ ಕಚ್ಚಿಕೊಳ್ಳುವುದುಂಟು.

ರಸ್ತೆಗಿಳಿಯುವ ಮುನ್ನ

ಬೆಟ್ಟದಿಂದ ಇಳಿದ ದಿನವೇ ದೂರ ಓಡಿಸದಿರುವುದು ಒಳ್ಳೆಯದು. ದಣಿದ ಚಾಲಕ, ಕತ್ತಲು, ಮಳೆ, ತಿರುವುಗಳು, ನಾಲ್ಕೂ ಒಟ್ಟಿಗೆ ಬೇಡ. ಮುಂಜಾನೆ ಹೊರಡುವಾಗ ಒಳಗೆ ಒಂದು ಸುತ್ತು: ಗ್ಯಾಸ್ ಬಂದ್, ಕಿಂಡಿ ಬಂದ್, ಸೇದುವ ಪೆಟ್ಟಿಗೆಗಳಿಗೆ ಚಿಲಕ, ಪಾತ್ರೆ ಕೆಳಗೆ. ಹೊರಗೆ ಒಂದು ಸುತ್ತು: ಮೆಟ್ಟಿಲು ಮಡಚಿದೆಯೇ, ಅಡ್ಡಗಟ್ಟೆ ತೆಗೆದಾಯಿತೇ, ಟೈರ್ ಹೇಗಿದೆ. ರಾತ್ರಿಯ ಚಳಿಗೆ ಟೈರಿನ ಒತ್ತಡ ಇಳಿದಿರುತ್ತದೆ, ಸುಮಾರು ಐದೂವರೆ ಡಿಗ್ರಿಗೆ ಒಂದು ಪಿಎಸ್‌ಐನಷ್ಟು.

ಇಳುಕಲಿನಲ್ಲಿ ಹತ್ತಿ ಬಂದ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ಸದಾ ಒತ್ತಿ ಹಿಡಿದರೆ ಅದು ಕಾದು ಸುಟ್ಟವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಆಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡುವುದೊಂದೇ ದಾರಿ. ಎತ್ತರದ ವ್ಯಾನಿಗೆ ಅಡ್ಡಗಾಳಿ ಶತ್ರು. ಗುಡ್ಡ ಕಡಿದ ಮರೆಯಿಂದ ಬಯಲಿಗೆ ಬರುವಾಗ, ಸೇತುವೆಯ ಮೇಲೆ, ಎದುರಿನಿಂದ ಲಾರಿ ಹಾದುಹೋದ ಮರುಕ್ಷಣ, ಈ ಮೂರು ಕಡೆ ಅದು ಹೊಡೆಯುತ್ತದೆ. ಮೊದಲೇ ವೇಗ ಇಳಿಸಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಕಣ್ಣಿಗೇ ಮರಳಿ ಬಡಿಯುತ್ತದೆ, ತಗ್ಗಿಸಿದ ದೀಪವೇ ಸಾಕು. ಹಿಂದೆ ವಾಹನಗಳ ಸಾಲು ಬೆಳೆಯುತ್ತಿದ್ದರೆ ಅಗಲ ಜಾಗ ಸಿಕ್ಕಲ್ಲಿ ಬದಿಗೆ ಸರಿದು ಅವರನ್ನು ಮುಂದೆ ಬಿಡಿ, ಆಮೇಲೆ ನಿಮ್ಮ ವೇಗದಲ್ಲೇ ಇಳಿಯಿರಿ.